ಮಕ್ತಲದ ಮಜ್ಜಿಗೆಯಲ್ಲಿ ಸಿಕ್ಕ ಪಕಾರ

ಮೊಸರು ಒಡೆಯಲೇ ಇಲ್ಲ! ಕಾದ ಪಾತ್ರೆ, ಎರಡು ದಿನದ ಹುಳಿ ಮೊಸರು. ಇಷ್ಟಾದರೆ ನನ್ನ ಅಡುಗೆಮನೆಯಲ್ಲಿ ನೀರು ಬೇರೆ, ಗಸಿ ಬೇರೆ ಆಗಿಬಿಡುತ್ತದೆ. ಮಕ್ತಲದ ಚಿಗವ್ವನ ಪಾತ್ರೆಯಲ್ಲಿ ಮಾತ್ರ ಅದು ಅಂಚಿನಿಂದ ಅಂಚಿಗೆ ಒಂದೇ ನುಣುಪಾಗಿ ನಿಂತಿತ್ತು. ನಡುವೆ ಬೂದಗುಂಬಳದ ಹೋಳುಗಳು, ಗಾಜಿನಂತೆ ತಿಳಿಯಾಗಿ ಬೆಂದವು.

ರಾಯಚೂರಿನಿಂದ ಹೊರಟು, ಶಕ್ತಿನಗರದ ಹತ್ತಿರ ಕೃಷ್ಣೆಯ ಮೇಲಿನ ನಿಜಾಮರ ಕಾಲದ ಸೇತುವೆ ದಾಟಿದರೆ ತೆಲಂಗಾಣ. ಅಂಗಡಿಗಳ ಬೋರ್ಡು ತೆಲುಗಿಗೆ ತಿರುಗುತ್ತದೆ, ಮನೆಯೊಳಗಿನ ಮಾತು ಕನ್ನಡವಾಗಿಯೇ ಉಳಿಯುತ್ತದೆ. ನಾನು ಬಂದದ್ದು ಬರೀ ಊಟಕ್ಕೆ. ಆದರೆ ಆ ಒಲೆಯ ಮುಂದೆ ಕಂಡದ್ದು ಇನ್ನೂ ತಲೆಯಿಂದ ಇಳಿದಿಲ್ಲ.

“ಕಡ್ಲಿಬ್ಯಾಳಿ ಕಾಯ್ತದ ನೋಡಪಾ,” ಅಂದಳು ಚಿಗವ್ವ. ಅರ್ಧ ಲೀಟರ್ ಎಮ್ಮೆ ಮೊಸರಿಗೆ 2 ಚಮಚ ಬೇಳೆ, ಒಂದು ತಾಸು ನೆನೆಸಿದ್ದು. ಅದರ ಜೊತೆ ಹಸಿಮೆಣಸಿನಕಾಯಿ, ಶುಂಠಿ, ಜೀರಿಗೆ, ಒಂದಿಷ್ಟು ಒಣಕೊಬ್ಬರಿ ಸೇರಿಸಿ ನುಣ್ಣಗೆ ರುಬ್ಬಿದಳು. ಅರಿಶಿನ, ಉಪ್ಪು ಹಾಕಿ ಬೇಯಿಸಿದ ಹೋಳುಗಳಿಗೆ ಆ ಮಸಾಲೆ ಬೆರೆಸಿ ಹಸಿ ವಾಸನೆ ಹೋಗುವವರೆಗೆ ಕುದಿಸಿದಳು. ಆಮೇಲೆ ಉರಿ ಪೂರ್ತಿ ತಗ್ಗಿಸಿ, ಕಡೆದ ಮೊಸರನ್ನು ಸ್ವಲ್ಪ ಸ್ವಲ್ಪವೇ ಸುರಿಯುತ್ತ ಸೌಟು ಆಡಿಸತೊಡಗಿದಳು. “ಅಂಚಿಗೆ ನೊರಿ ಏಳ್ತದ. ಅಷ್ಟರಾಗ ಇಳಸಬೇಕು. ತಡ ಮಾಡಬ್ಯಾಡ.” ಅಂಚಿಗೆ ಸಣ್ಣ ನೊರೆಯ ಬಳೆ ಎದ್ದಿತು. ಪಾತ್ರೆ ಇಳಿಯಿತು. ಮೇಲೆ ಸಾಸಿವೆ, ಮೆಂತ್ಯ, ಇಂಗು, ಕರಿಬೇವು ಸಿಡಿದ ಶೇಂಗಾ ಎಣ್ಣೆ.

ಯೋಚಿಸಿ ನೋಡಿ, ಎಂಥ ಜಾಣತನ! ಮೊಸರಿನ ಕೇಸೀನ್ ಎಂಬ ಪ್ರೋಟೀನು ಹುಳಿಯ ದೆಸೆಯಿಂದ ಆಗಲೇ ಬಲೆಯಂತೆ ಹೆಣೆದುಕೊಂಡಿರುತ್ತದೆ. ಕಾವು ಹೆಚ್ಚಿದರೆ ಆ ಬಲೆ ಬಿಗಿದು ತನ್ನೊಳಗಿನ ನೀರನ್ನು ಹಿಂಡಿ ಹೊರಹಾಕುತ್ತದೆ. ಬೇಳೆಯ ಪಿಷ್ಟ ಬಿಸಿಗೆ ಉಬ್ಬಿ, ಮಂದವಾಗಿ, ಆ ಕಣಗಳ ನಡುವೆ ಅಡ್ಡ ನಿಲ್ಲುತ್ತದೆ. ಅವು ಒಂದಕ್ಕೊಂದು ಅಂಟಿ ಗಂಟುಗಟ್ಟಲು ಬಿಡುವುದಿಲ್ಲ. ಪುಸ್ತಕದಲ್ಲಿ ಓದಿದ್ದ ಈ ಮಾತು ಆ ದಿನ ಒಂದು ಸೌಟಿನ ತುದಿಯಲ್ಲಿ ನಡೆಯುತ್ತಿತ್ತು.

ಅಷ್ಟರಲ್ಲಿ ಪಕ್ಕದ ಮನೆಯಾಕೆ ಬಂದರು. ಪಾತ್ರೆ ನೋಡಿ, “ಮಜ್ಜಿಗ ಪುಲುಸಾ?” ಅಂದರು. ಚಿಗವ್ವ ಬಟ್ಟಲಿಗೆ ಹಾಕುತ್ತ, “ಹೂಂ, ಮಜ್ಜಿಗಿ ಹುಳಿ,” ಅಂದಳು. ಇಬ್ಬರಿಗೂ ಅದು ದಿನದ ಮಾತು. ನನಗೆ ಮೈ ಜುಮ್ಮೆಂದಿತು!

ಹುಳಿ, ಪುಲುಸು. ಹಳಗನ್ನಡದಲ್ಲಿ ನಮ್ಮ ಹುಳಿಯೂ ‘ಪುಳಿ’ಯೇ ಅಲ್ಲವೇ! ನಾವು ಪಾಲನ್ನು ಹಾಲು ಮಾಡಿದೆವು, ಪೂವನ್ನು ಹೂವು ಮಾಡಿದೆವು, ಪುಲಿಯನ್ನು ಹುಲಿ ಮಾಡಿದೆವು. ತೆಲುಗು ಆ ಪಕಾರವನ್ನು ಬಿಡಲಿಲ್ಲ. ಅಲ್ಲಿ ಇವತ್ತಿಗೂ ಪಾಲು, ಪುವ್ವು, ಪುಲಿ. ಸಾವಿರ ವರ್ಷದ ಹಿಂದೆ ಕನ್ನಡದ ಬಾಯಲ್ಲಿದ್ದ ಅಕ್ಷರ ಗೋಡೆಯಾಚೆಯ ಮನೆಯ ಒಲೆಯ ಮೇಲೆ ಈಗಲೂ ಕುದಿಯುತ್ತಿದೆ! ಪಕಾರದ ಕನ್ನಡ ಬರೆದ ಪಂಪನಿಗೆ ಆಶ್ರಯ ಕೊಟ್ಟ ಅರಿಕೇಸರಿಯ ವೇಮುಲವಾಡವೂ ಇಂದು ಇದೇ ತೆಲಂಗಾಣದಲ್ಲಿದೆ.

ಆಮೇಲೆ ಕಾಲು ನಿಲ್ಲಲಿಲ್ಲ. ನಾರಾಯಣಪೇಟೆಗೆ ಹೋದೆ. ಸೀರೆ ನೇಯುವ ಆ ಊರಿನಲ್ಲಿ ಕನ್ನಡ, ತೆಲುಗು, ಮರಾಠಿ, ಉರ್ದು ಒಂದೇ ಓಣಿಯಲ್ಲಿ ಕೇಳುತ್ತವೆ. ಅಲ್ಲಿ ಬೂದಗುಂಬಳದ ಜಾಗದಲ್ಲಿ ಸೋರೆಕಾಯಿ ಸಿಕ್ಕಿತು. ಕೃಷ್ಣೆ ತುಂಗಭದ್ರೆಗಳ ನಡುವಿನ ಗದ್ವಾಲದಲ್ಲಿ ಎಣ್ಣೆಯಲ್ಲಿ ಹುರಿದ ಬೆಂಡೆಕಾಯಿ. ಈ ಗದ್ವಾಲ, ಆಲಂಪುರ ತಾಲ್ಲೂಕುಗಳು 1956ರ ಅಕ್ಟೋಬರ್ ಕೊನೆಯವರೆಗೂ ರಾಯಚೂರು ಜಿಲ್ಲೆಯವು. ನವೆಂಬರ್ 1ಕ್ಕೆ ರಾಯಚೂರು ಮೈಸೂರು ರಾಜ್ಯಕ್ಕೆ ಬಂತು, ಇವೆರಡು ಆಂಧ್ರಪ್ರದೇಶಕ್ಕೆ ಹೋದವು. ನಾನು ಉಂಡ ಮೂರೂ ಊರಲ್ಲಿ ತರಕಾರಿ ಬೇರೆ ಬೇರೆ, ಮೊಸರು ಕಾಯುವ ನೆನೆಸಿದ ಕಡಲೆಬೇಳೆ ಮಾತ್ರ ಅದೇ.

ತಿರುಗಿ ಮಕ್ತಲಕ್ಕೆ ಬಂದಾಗ ಪಕ್ಕದ ಮನೆಗೆ ಹೋಗಿದ್ದ ಬಟ್ಟಲು ವಾಪಸು ಬಂದಿತ್ತು. ಖಾಲಿ ಕಳಿಸುವ ರೂಢಿ ಇಲ್ಲವಲ್ಲ! ಒಳಗೆ ನುಗ್ಗೇಕಾಯಿ ಹಾಕಿದ ಅವರ ಪುಲುಸು, ಇನ್ನೂ ಬಿಸಿ. ಚಿಗವ್ವ ಬಿಸಿ ಅನ್ನದಲ್ಲಿ ಗುಂಡಿ ಮಾಡಿ, ಒಂದು ಕಡೆ ನಮ್ಮದನ್ನು, ಇನ್ನೊಂದು ಕಡೆ ಅವರದನ್ನು ಬಡಿಸಿದಳು. ಎರಡೂ ಹರಿದು ತಾಟಿನ ನಡುವೆ ಕೂಡಿಕೊಂಡವು.