ದಿನಚರಿಯಲ್ಲಿ ಸಿಕ್ಕ ದನಿ

ಚೆಕೊಸ್ಲೊವಾಕಿಯಾದಲ್ಲಿ ಆಕೆ ಭೂಮಾಪಕಿ. ಕೆನಡಾಕ್ಕೆ ಬಂದ ಮೇಲೆ ಸಿಕ್ಕಿದ್ದು ಫಾಸ್ಟ್‌ಫುಡ್ ಅಂಗಡಿಯ ಅಡುಗೆಮನೆಯಲ್ಲಿ ಸಹಾಯಕಿಯ ಕೆಲಸ. ಮನೆಯಲ್ಲಿ ಫೋನ್ ರಿಂಗಾದರೆ ಎತ್ತಲು ಭಯ. ಇಂಗ್ಲಿಷಿನಲ್ಲಿ ಉತ್ತರಿಸುವ ಹೊಣೆ ಮಗಳದು. ಭಾಷಾಕಲಿಕೆಯ ಪುಸ್ತಕಗಳಲ್ಲಿ ಈಕೆ ಮಾರ್ಟಿನಾ. ಗುರುತು ಮರೆಸಲು ಇಟ್ಟ ಹೆಸರದು.

1990-91ರಲ್ಲಿ ಸಂಶೋಧಕಿ ಬಾನಿ ನಾರ್ಟನ್ ಕೆನಡಾದಲ್ಲಿ ಮಾರ್ಟಿನಾ ಸೇರಿದಂತೆ ಐವರು ವಲಸೆ ಮಹಿಳೆಯರ ಕೈಗೆ ದಿನಚರಿ ಕೊಟ್ಟರು. ಎಲ್ಲಿ, ಯಾರೊಡನೆ ಇಂಗ್ಲಿಷ್ ಆಡಬೇಕಾಯಿತು, ಆಗ ಏನನ್ನಿಸಿತು ಎಂದು ಇಂಗ್ಲಿಷಿನಲ್ಲೇ ಬರೆಯಬೇಕು. ಆಗಾಗ ಎಲ್ಲರೂ ಒಟ್ಟಿಗೆ ಕೂತು ಬರೆದದ್ದನ್ನು ಹಂಚಿಕೊಳ್ಳುತ್ತಿದ್ದರು. ವ್ಯಾಕರಣದ ಅಭ್ಯಾಸಕ್ಕಿಂತ ಹೆಚ್ಚಿನದೇನೋ ಆ ಪುಟಗಳಲ್ಲಿ ನಡೆಯಿತು.

ಮನೆ ಮಾಲೀಕ ಇಡೀ ವರ್ಷದ ಬಾಡಿಗೆ ಕಟ್ಟಬೇಕೆಂದು ಪಟ್ಟು ಹಿಡಿದಾಗ ಮಾರ್ಟಿನಾ ಒಂದು ಗಂಟೆಗೂ ಮೀರಿ ಫೋನಿನಲ್ಲಿ ವಾದಿಸಿದರು. ಕ್ರಿಯಾಪದದ ಕಾಲಗಳ ಗೊಡವೆಯೇ ಆಗ ಇರಲಿಲ್ಲ ಎಂದು ಅವರೇ ಬರೆದುಕೊಂಡಿದ್ದಾರೆ. ಅಂಗಡಿಯಲ್ಲಿ ಕೆಲಸವನ್ನೆಲ್ಲ ತನ್ನ ಮೇಲೆ ಹಾಕಿ ಹರಟುತ್ತಿದ್ದ ಹುಡುಗಿಯ ಬಗೆಗೂ ಹೇಳಿಕೊಂಡರು: ಅವಳಿಗಿನ್ನೂ ಹನ್ನೆರಡು, ತನ್ನ ಮಗನಿಗಿಂತ ಚಿಕ್ಕವಳು. ಹೋಗಿ ಮೇಜು ಒರೆಸು ಎಂದು ಹೇಳಿಯೂಬಿಟ್ಟರು. ತಡವರಿಸುವ ವಲಸೆಗಾರ್ತಿಗೆ ಬಾರದ ಮಾತು ಮಕ್ಕಳನ್ನು ಸಾಕಿದ ತಾಯಿಗೆ ಬಂದಿತ್ತು.

ಕಲಿಯುವವರಿಗೆ ಹುಮ್ಮಸ್ಸಿದ್ದರೆ ಭಾಷೆ ತಾನೇ ಬರುತ್ತದೆ ಎಂಬುದು ಅಂದಿನ ನಂಬಿಕೆ. ನಾರ್ಟನ್ 1995ರ ಪ್ರಬಂಧದಲ್ಲಿ ಇದನ್ನು ಪ್ರಶ್ನಿಸಿ, 'ಹೂಡಿಕೆ' ಎಂಬ ಪರಿಕಲ್ಪನೆ ಮುಂದಿಟ್ಟರು. ಹುಮ್ಮಸ್ಸಿದ್ದರೂ, ಕೇಳುವವರು ಲೆಕ್ಕಕ್ಕಿಡದಿದ್ದರೆ ನಾಲಿಗೆ ಕಟ್ಟುತ್ತದೆ. ಭಾಷೆಗೆ ಸುರಿದ ಶ್ರಮ ತಾನು ಯಾರು, ಮುಂದೆ ಯಾರಾಗಬಹುದು ಎಂಬುದರೊಂದಿಗೆ ಹೆಣೆದುಕೊಂಡಿರುತ್ತದೆ. ತರಗತಿಯಲ್ಲಿ ಬರೀ ತಪ್ಪು ತಿದ್ದುವವರು ಗಮನಿಸಲೇಬೇಕಾದ ಮಾತಿದು.

ಹೊಸ ಭಾಷೆ ಕೊಡುವ ಅಂತರವೂ ಬರೆಯುವವರಿಗೆ ನೆರವಾಗಬಹುದು. ತುರ್ಕಿ ಮಾತೃಭಾಷೆಯವರನ್ನು ಪರೀಕ್ಷಿಸಿದ 2003ರ ಅಧ್ಯಯನವೊಂದರಲ್ಲಿ, ಬಾಲ್ಯದ ಗದರಿಕೆಗಳನ್ನು ತುರ್ಕಿಯಲ್ಲಿ ಕೇಳಿದಾಗ ಭಾವೋದ್ವೇಗದ ಸೂಚಕವಾದ ಚರ್ಮದ ವಿದ್ಯುತ್ ವಾಹಕತೆ ಹೆಚ್ಚು ಏರಿತು. ಇಂಗ್ಲಿಷಿನಲ್ಲಿ ಕೇಳಿದಾಗ ಅಷ್ಟಿಲ್ಲ. ತಾಯ್ನುಡಿಯಲ್ಲಿ ಗಂಟಲು ಕಟ್ಟಿಸುವ ಸಂಗತಿಯನ್ನು ಕಲಿತ ನುಡಿಯಲ್ಲಿ ಕೆಲವರು ಬರೆದಾರು.

ಮನೆಯಲ್ಲಿ ಬಂಗಾಳಿ, ಶಾಲೆಯಲ್ಲಿ ಇಂಗ್ಲಿಷ್ ಆಡಿ ಬೆಳೆದ ಲೇಖಕಿ ಝುಂಪಾ ಲಾಹಿರಿ 2012ರಲ್ಲಿ ರೋಮ್‌ಗೆ ಹೋದರು. ಪುಲಿಟ್ಜರ್ ಪ್ರಶಸ್ತಿ ಪಡೆದ ಕೈ ಅಲ್ಲಿ ತಪ್ಪುಗಳ ನಡುವೆಯೇ ಇಟಾಲಿಯನ್ನಿನಲ್ಲಿ ದಿನಚರಿ ಬರೆಯತೊಡಗಿತು. 2015ರಲ್ಲಿ ಆ ಭಾಷೆಯಲ್ಲೇ ಆತ್ಮಕಥನದ ಪುಸ್ತಕ, 2018ರಲ್ಲಿ ಕಾದಂಬರಿ. ಕಾದಂಬರಿಯನ್ನು ಮುಂದೆ ಇಂಗ್ಲಿಷಿಗೆ ತಂದವರೂ ಅವರೇ. ಇಟಾಲಿಯನ್ನಿನಲ್ಲಿ ಅದರ ಹೆಸರಿಗೆ 'ನಾನಿರುವ ಜಾಗ' ಎಂದರ್ಥ.