ಮನೆಯ ನೀರಿನ ತೊಟ್ಟಿ ಎಷ್ಟು ದೊಡ್ಡದಿರಬೇಕು?

ಮನೆ ಕಟ್ಟಿಸುವವರು ಕೊಠಡಿಗಳ ಉದ್ದಗಲಗಳನ್ನು ಕುರಿತು ಎಷ್ಟೋ ದಿನ ಆಲೋಚಿಸುತ್ತಾರೆ. ಬಾಗಿಲು ಯಾವ ದಿಕ್ಕಿಗಿರಬೇಕು, ಕಿಟಕಿಗಳು ಎಷ್ಟಿರಬೇಕು ಎಂದು ಹತ್ತು ಜನರನ್ನು ವಿಚಾರಿಸುತ್ತಾರೆ. ನೀರಿನ ತೊಟ್ಟಿಯ ವಿಷಯಕ್ಕೆ ಬಂದಾಗ ಮಾತ್ರ ಮೇಸ್ತ್ರಿ ಹೇಳಿದ ಅಳತೆಯೋ ನೆರೆಮನೆಯವರ ತೊಟ್ಟಿಯ ಅಳತೆಯೋ ಸಾಕೆನಿಸುತ್ತದೆ. ಇದರ ಫಲ ಬೇಸಗೆಯಲ್ಲಿ ತಿಳಿದುಬರುತ್ತದೆ. ಕೊಳಾಯಿಯಲ್ಲಿ ನೀರು ಬಂದ ದಿನ ಅದನ್ನು ಹಿಡಿದಿಡಲು ಸ್ಥಳವಿರುವುದಿಲ್ಲ. ಬಾರದ ದಿನ ತೊಟ್ಟಿಯಲ್ಲಿ ನೀರಿರುವುದಿಲ್ಲ. 2024ರ ಬೇಸಗೆಯಲ್ಲಿ ಬೆಂಗಳೂರಿನ ಎಷ್ಟೋ ಕೊಳವೆಬಾವಿಗಳು ಬತ್ತಿಹೋದಾಗ ಸಾವಿರಾರು ಕುಟುಂಬಗಳು ಟ್ಯಾಂಕರಿನ ದಾರಿ ಕಾಯಬೇಕಾಯಿತು. ತೊಟ್ಟಿಯ ಗಾತ್ರವನ್ನು ಊಹೆಗೆ ಬಿಡಬೇಕಾದ ಕಾರಣವಿಲ್ಲ. ಕೂಡುವುದು, ಕಳೆಯುವುದು ಬಲ್ಲವರು ಯಾರೇ ಆದರೂ ಅದನ್ನು ಲೆಕ್ಕಹಾಕಬಹುದು.

ಮೊದಲು ತೊಟ್ಟಿಯ ಕೆಲಸವೇನೆಂಬುದನ್ನು ವಿಚಾರಿಸೋಣ. ತೊಟ್ಟಿಯು ನೀರನ್ನು ಉತ್ಪಾದಿಸುವುದಿಲ್ಲ. ನೀರು ಬರುವ ಕಾಲಕ್ಕೂ ಅದು ಬೇಕಾಗುವ ಕಾಲಕ್ಕೂ ಇರುವ ವ್ಯತ್ಯಾಸವನ್ನು ಸರಿದೂಗಿಸುತ್ತದೆ, ಅಷ್ಟೆ. ಸುಗ್ಗಿ ವರ್ಷಕ್ಕೊಮ್ಮೆ, ಊಟ ಪ್ರತಿದಿನ. ಆದುದರಿಂದಲೇ ರೈತನಿಗೆ ಕಣಜ ಬೇಕು. ಮುಂಗಾರಿನಲ್ಲಿ ಹರಿದುಬಂದ ಕಾವೇರಿಯನ್ನು ಬೇಸಗೆಗಾಗಿ ಹಿಡಿದಿಡುವ ಕನ್ನಂಬಾಡಿಯ ಕಟ್ಟೆಯೂ ಇಂಥದೇ ಒಂದು ಕಣಜ. ಜಲಾಶಯಗಳ ಗಾತ್ರವನ್ನು ನಿರ್ಧರಿಸುವ ಕ್ರಮವೊಂದನ್ನು ರಿಪ್ಪಲ್ ಎಂಬ ಇಂಜಿನಿಯರು 1883ರಲ್ಲಿ ಪ್ರಕಟಿಸಿದನು. ಒಳಬಂದ ನೀರಿನ ಒಟ್ಟು ಮೊತ್ತವನ್ನು ಒಂದು ಕಡೆಯಲ್ಲಿಯೂ, ಖರ್ಚಾದ ನೀರಿನ ಒಟ್ಟು ಮೊತ್ತವನ್ನು ಇನ್ನೊಂದು ಕಡೆಯಲ್ಲಿಯೂ ಕಾಲಾನುಕ್ರಮವಾಗಿ ಬರೆದುಕೊಂಡು, ಅವೆರಡರ ಅಂತರವನ್ನು ನೋಡುತ್ತ ಹೋಗುವುದೇ ಅದರ ಸಾರ. ಮಹಾನದಿಗೆ ಸಲ್ಲುವ ಈ ಕ್ರಮ ನಮ್ಮ ಮನೆಯ ಕೊಳಾಯಿಗೂ ಸಲ್ಲುತ್ತದೆ.

ಒಂದು ಉದಾಹರಣೆಯನ್ನು ತೆಗೆದುಕೊಳ್ಳೋಣ. ಒಂದು ಕಟ್ಟಡದಲ್ಲಿ 6 ಸಂಸಾರಗಳಿವೆ, ಒಟ್ಟು 30 ಮಂದಿ ಇದ್ದಾರೆ ಎಂದಿಟ್ಟುಕೊಳ್ಳಿ. ಒಳಚರಂಡಿಯಿರುವ ನಗರಗಳಲ್ಲಿ ನೀರಿನ ಯೋಜನೆ ಮಾಡುವವರು ತಲೆಗೆ ದಿನಕ್ಕೆ 135 ಲೀಟರಿನಂತೆ ಹಿಡಿಯುವುದು ವಾಡಿಕೆ. (ಗ್ರಾಮಗಳಿಗಾಗಿ 2019ರಲ್ಲಿ ಆರಂಭವಾದ ಜಲಜೀವನ ಯೋಜನೆಯ ಗುರಿ 55 ಲೀಟರ್.) ಹೀಗೆ 30 ಮಂದಿಗೆ ದಿನಕ್ಕೆ 4,050 ಲೀಟರ್ ಆಗುತ್ತದೆ, ಲೆಕ್ಕದ ಸೌಕರ್ಯಕ್ಕಾಗಿ 4,000 ಎನ್ನೋಣ.

ಬೆಂಗಳೂರಿನ ಅನೇಕ ಬಡಾವಣೆಗಳಲ್ಲಿರುವಂತೆ ಇಲ್ಲಿಯೂ ದಿನ ಬಿಟ್ಟು ದಿನ ನೀರು ಬರುತ್ತದೆ. ಬಂದ ದಿನ ಬೆಳಗ್ಗೆ 6ರಿಂದ 10ರವರೆಗೆ ಇರುತ್ತದೆ. ಎರಡು ದಿನಗಳ ಖರ್ಚು 8,000 ಲೀಟರ್. ಇದಿಷ್ಟೂ 4 ಗಂಟೆಗಳಲ್ಲಿ ಬರಬೇಕು. ಸ್ನಾನ, ಅಡಿಗೆ, ಬಟ್ಟೆ ಒಗೆಯುವುದು ಎಲ್ಲವೂ ಬೆಳಗಿನ ಹೊತ್ತೇ ಆದುದರಿಂದ, ಆ 4 ಗಂಟೆಗಳಲ್ಲಿಯೇ ದಿನದ ನೀರಿನ ಐದರಲ್ಲಿ ಎರಡು ಪಾಲು, ಅಂದರೆ 1,600 ಲೀಟರ್, ಖರ್ಚಾಗುತ್ತದೆ ಎಂದು ಭಾವಿಸೋಣ. ಹತ್ತು ಗಂಟೆಗೆ ನೀರು ನಿಂತಾಗ ಬಂದದ್ದು 8,000, ಹೋದದ್ದು 1,600. ಉಳಿದದ್ದು 6,400 ಲೀಟರ್. ಅಂತರವು ಅತ್ಯಧಿಕವಾಗುವ ಗಳಿಗೆ ಇದೇ. ಆದಕಾರಣ 6,400 ಲೀಟರೇ ತೊಟ್ಟಿಯ ಕನಿಷ್ಠ ಗಾತ್ರ. ಅದರಲ್ಲಿ 2,400 ಅಂದಿನ ಉಳಿದ ಹೊತ್ತಿಗೂ, 4,000 ಮರುದಿನಕ್ಕೂ ಸರಿಹೋಗಿ, ಮುಂದಿನ ಸರದಿ ಬರುವ ವೇಳೆಗೆ ತೊಟ್ಟಿ ಬರಿದಾಗುತ್ತದೆ.

ಆದರೆ ಬರಿದಾದ ತೊಟ್ಟಿಯನ್ನು ನಂಬಿ ಸಂಸಾರ ನಡೆಸುವುದು ವಿವೇಕವಲ್ಲ. ಬೆಂಗಳೂರಿಗೆ ಕಾವೇರಿಯ ನೀರು ಸುಮಾರು 100 ಕಿಲೋಮೀಟರ್ ದೂರದಿಂದ ಬರಬೇಕು. ದಾರಿಯಲ್ಲಿ ಅದನ್ನು ಪಂಪುಗಳ ಮೂಲಕ ಸುಮಾರು ಅರ್ಧ ಕಿಲೋಮೀಟರ್ ಎತ್ತರಕ್ಕೆ ಏರಿಸಬೇಕು. ವಿದ್ಯುತ್ತು ನಿಂತರೂ ಸರಿ, ಕೊಳವೆ ಒಡೆದರೂ ಸರಿ, ಒಂದು ಸರದಿ ತಪ್ಪಿಹೋಗುತ್ತದೆ. ಒಂದು ಸರದಿ ತಪ್ಪಿದರೂ ಕಟ್ಟಡ ತಡೆದುಕೊಳ್ಳಬೇಕಾದರೆ ಇನ್ನೂ ಎರಡು ದಿನಗಳ 8,000 ಲೀಟರ್ ಸೇರಿಸಬೇಕು. ಒಟ್ಟು 14,400 ಆಯಿತು.

ಇಲ್ಲಿ ಒಂದು ಎಚ್ಚರಿಕೆ ಅವಶ್ಯ. ದೊಡ್ಡ ತೊಟ್ಟಿ ಕಟ್ಟಿದ ಮಾತ್ರಕ್ಕೆ ಅದು ತುಂಬುವುದಿಲ್ಲ. ಕೊಳಾಯಿಯ ಹರಿವು ಎಷ್ಟೆಂಬುದನ್ನು ಮೊದಲು ಅಳೆಯಬೇಕು. ಅದಕ್ಕೆ 20 ಲೀಟರಿನ ಒಂದು ಬಕೆಟ್ಟೂ ಒಂದು ಗಡಿಯಾರವೂ ಸಾಕು. ಬಕೆಟ್ಟು 36 ಸೆಕೆಂಡುಗಳಲ್ಲಿ ತುಂಬಿದರೆ ಗಂಟೆಗೆ 2,000 ಲೀಟರ್ ಬರುತ್ತಿದೆ. 4 ಗಂಟೆಗಳಿಗೆ 8,000. ಬಂದದ್ದು ಖರ್ಚಿಗೆ ಸರಿಯಾಯಿತು. ಕೂಡಿಡಲು ಏನೂ ಮಿಗುವುದಿಲ್ಲ. ಅದು 50 ಸೆಕೆಂಡು ತೆಗೆದುಕೊಂಡರೆ ಸರದಿಯೊಂದಕ್ಕೆ ಬರುವುದು 5,760 ಲೀಟರ್ ಮಾತ್ರ. ಆಗ ತೊಟ್ಟಿ ಕೆರೆಯಷ್ಟು ದೊಡ್ಡದಿದ್ದರೂ ಕೊರತೆ ತಪ್ಪದು. ಖರ್ಚನ್ನು ತಗ್ಗಿಸಬೇಕು, ಇಲ್ಲವೆ ಮಳೆನೀರಿನಂತಹ ಬೇರೊಂದು ಮೂಲವನ್ನು ಹುಡುಕಬೇಕು. ಗಂಟೆಗೆ 2,500 ಲೀಟರ್ ಬರುವಲ್ಲಿ ಪ್ರತಿ ಸರದಿಗೂ 2,000 ಲೀಟರ್ ಮಿಗುತ್ತದೆ. ಅಲ್ಲಿಯೂ ಒಮ್ಮೆ ಬಳಸಿಬಿಟ್ಟ 8,000 ಲೀಟರಿನ ಮೀಸಲು ಮತ್ತೆ ಕೂಡಬೇಕಾದರೆ ನಾಲ್ಕು ಸರದಿಗಳು ಬೇಕು.

ಇನ್ನು ಈ ನೀರನ್ನು ಎಲ್ಲಿಡಬೇಕು? ಒಂದು ಲೀಟರ್ ನೀರಿನ ತೂಕ ಒಂದು ಕಿಲೋಗ್ರಾಂ. 14,400 ಲೀಟರನ್ನೂ ಮಾಳಿಗೆಯ ಮೇಲೆ ಹೇರಿದರೆ ಹದಿನಾಲ್ಕು ಟನ್ನಿಗೂ ಮೀರಿದ ಭಾರವನ್ನು ಕಂಬಗಳು ಹಗಲಿರುಳು ಹೊರಬೇಕು. ಆದುದರಿಂದ ಹೆಚ್ಚಿನ ಪಾಲನ್ನು ಸಂಪು ಎಂದು ಕರೆಯುವ ನೆಲದಡಿಯ ತೊಟ್ಟಿಯಲ್ಲಿರಿಸಿ, ಸ್ವಲ್ಪವನ್ನು ಮಾತ್ರ ಮೇಲಿಡುವುದು ಸರಿ. ದಿನಕ್ಕೆ ಎರಡು ಬಾರಿ ಪಂಪು ನಡೆಸುವುದಾದರೆ ಮೇಲಿನ ತೊಟ್ಟಿಗೆ ಅರ್ಧ ದಿನದ 2,000 ಲೀಟರ್ ಸಾಕು. ಇದೂ ಹಗುರವೇನಲ್ಲ, ಕಟ್ಟಡದ ಮೂವತ್ತು ಮಂದಿಯೂ ಮಾಳಿಗೆಯ ಒಂದು ಮೂಲೆಯಲ್ಲಿ ಒತ್ತಾಗಿ ನಿಂತಷ್ಟು ಭಾರ. ಕಂಬ ತೊಲೆಗಳ ಆಸರೆಯಿರುವ ಕಡೆಯಲ್ಲಿಯೇ ಅದನ್ನು ಕೂರಿಸಬೇಕು.

ಮೇಲಿನ ತೊಟ್ಟಿ ದೊಡ್ಡದಾದರೆ ನಲ್ಲಿಯಲ್ಲಿ ನೀರು ರಭಸವಾಗಿ ಬರುವುದೆಂದು ನಂಬಿದವರಿದ್ದಾರೆ. ಇದು ಸರಿಯಲ್ಲ. ನಿಂತ ನೀರಿನ ಒತ್ತಡವು ಅದರ ಮಟ್ಟದ ಎತ್ತರವನ್ನು ಅವಲಂಬಿಸಿದೆಯೇ ಹೊರತು ಮೊತ್ತವನ್ನಲ್ಲ. ನಲ್ಲಿಗಿಂತ 10 ಮೀಟರ್ ಮೇಲೆ ಇರುವ ನೀರು, ಅದು 500 ಲೀಟರಾಗಲಿ 5,000 ಲೀಟರಾಗಲಿ, ಚದರ ಸೆಂಟಿಮೀಟರಿಗೆ ಸುಮಾರು 1 ಕಿಲೋಗ್ರಾಂ ತೂಕದ ಒತ್ತಡವನ್ನೇ ಕೊಡುತ್ತದೆ. ಮೇಲಂತಸ್ತಿನವರ ನಲ್ಲಿ ಸೊರಗಿದ್ದರೆ ತೊಟ್ಟಿಯನ್ನು ಎತ್ತರಿಸಬೇಕು, ಅಥವಾ ಕೊಳವೆಯನ್ನು ಅಗಲಿಸಬೇಕು. ತೊಟ್ಟಿಯನ್ನು ಹಿಗ್ಗಿಸಿ ಪ್ರಯೋಜನವಿಲ್ಲ.

ಸಂಪಿಗೆ ಉಳಿದದ್ದು 12,400 ಲೀಟರ್, 12,500 ಎನ್ನೋಣ. ಒಂದು ಘನ ಮೀಟರಿನಲ್ಲಿ 1,000 ಲೀಟರ್ ಹಿಡಿಯುತ್ತದೆ. ಆದುದರಿಂದ 2.5 ಮೀಟರ್ ಉದ್ದ, 2.5 ಮೀಟರ್ ಅಗಲ, 2 ಮೀಟರ್ ಆಳದ ನೀರು ನಮಗೆ ಬೇಕಾದಷ್ಟಾಗುತ್ತದೆ. ಪಂಪಿನ ಕೊಳವೆ ತಳದ ಕೊನೆಯ ನೀರನ್ನು ಎಳೆಯಲಾರದು. ಮೇಲೆಯೂ ಸ್ವಲ್ಪ ತೆರಪಿರಬೇಕು. ಇವೆರಡಕ್ಕೂ 15 ಸೆಂಟಿಮೀಟರಿನಂತೆ ಸೇರಿಸಿ ಆಳವನ್ನು 2.3 ಮೀಟರ್ ಮಾಡಬೇಕು. ಸ್ಥಳವಿದ್ದಲ್ಲಿ ಆಳಕ್ಕಿಂತ ಅಗಲವನ್ನೇ ಹೆಚ್ಚಿಸುವುದು ಮೇಲು. ಒಂದು ಮೀಟರ್ ಆಳದ ನೀರು ಗೋಡೆಯ ಪ್ರತಿ ಮೀಟರ್ ಅಗಲವನ್ನು 500 ಕಿಲೋಗ್ರಾಂ ತೂಕದಷ್ಟು ಬಲದಿಂದ ತಳ್ಳಿದರೆ, ಎರಡು ಮೀಟರ್ ಆಳದ ನೀರು 2,000 ಕಿಲೋಗ್ರಾಂ ತೂಕದಷ್ಟು ಬಲದಿಂದ ತಳ್ಳುತ್ತದೆ. ಆಳ ಎರಡರಷ್ಟಾದರೆ ಬಲ ನಾಲ್ಕರಷ್ಟು.

ಹಾಗಾದರೆ ಹತ್ತು ದಿನಗಳಿಗೆ ಸಾಕಾಗುವಷ್ಟು ದೊಡ್ಡ ತೊಟ್ಟಿಯನ್ನೇ ಕಟ್ಟಿಬಿಡಬಾರದೇಕೆ ಎಂದು ವಾಚಕರು ಕೇಳಬಹುದು. ಖರ್ಚಿನ ಮಾತು ಹಾಗಿರಲಿ. ನಗರದ ನೀರಿಗೆ ಬೆರೆಸಿದ ಕ್ಲೋರಿನ್ನು ದಿನ ಕಳೆದಂತೆ ಕ್ಷೀಣಿಸುತ್ತದೆ. ಅದು ಕ್ಷೀಣಿಸಿದ ನೀರಿನಲ್ಲಿ ಸೂಕ್ಷ್ಮಜೀವಿಗಳು ಬೆಳೆಯಲು ಅವಕಾಶವಾಗುತ್ತದೆ. ಮುಚ್ಚಳ ಸಡಿಲವಾಗಿದ್ದರೆ ಡೆಂಗೆ ಜ್ವರವನ್ನು ಹರಡುವ ಸೊಳ್ಳೆಯು ಅದೇ ನೀರಿನಲ್ಲಿ ಮೊಟ್ಟೆಯಿಟ್ಟು ಒಂದೆರಡು ವಾರಗಳಲ್ಲಿ ಹೊಸ ಪೀಳಿಗೆಯನ್ನು ಹೊರಡಿಸಬಲ್ಲುದು. ನೀರು ತೊಟ್ಟಿಯಲ್ಲಿ ಹೊಸದಾಗುತ್ತಲೇ ಇರಬೇಕು.

ಮೇಲಿನ ಅಂಕಿಗಳು ಉದಾಹರಣೆಗಾಗಿ ಹೇಳಿದವು. ವಾಚಕರು ತಮ್ಮ ತಮ್ಮ ಅಂಕಿಗಳನ್ನು ಹಾಕಿಕೊಳ್ಳಬೇಕು. ಮನೆಯಲ್ಲಿ ಎಷ್ಟು ಮಂದಿ, ನೀರು ಎಷ್ಟು ದಿನಕ್ಕೊಮ್ಮೆ ಬರುತ್ತದೆ, ಎಷ್ಟು ಹೊತ್ತು ಇರುತ್ತದೆ, ಬಕೆಟ್ಟು ಎಷ್ಟು ಸೆಕೆಂಡಿಗೆ ತುಂಬುತ್ತದೆ, ಎಷ್ಟು ಸರದಿ ತಪ್ಪಿದರೆ ತಡೆದುಕೊಳ್ಳಬೇಕು: ಈ ಐದನ್ನು ಒಂದು ಹಾಳೆಯ ಮೇಲೆ ಬರೆದು ಲೆಕ್ಕ ಮಾಡಿದರೆ ತೊಟ್ಟಿಯ ಗಾತ್ರ ದೊರೆಯುತ್ತದೆ. ಪಾಯ ತೋಡಿಸುವ ಮೊದಲು ಈ ಕೆಲಸಕ್ಕೆ ಅರ್ಧ ಗಂಟೆ ಸಾಕು. ಗಾರೆ ಒಣಗಿದ ಮೇಲೆ ತೊಟ್ಟಿಯನ್ನು ಹಿಗ್ಗಿಸುವುದು ಸುಲಭವಲ್ಲ.