ಚಿಗಟಕ್ಕೆ ಮದ್ದು

ಮನೆಮದ್ದು ಎಂಬುದು ನಮ್ಮ ನಾಡಿನಲ್ಲಿ ಕೇಳದೆಯೇ ದೊರೆಯುವ ವಸ್ತುಗಳಲ್ಲಿ ಒಂದು. ನಾಲ್ಕು ಜನರ ನಡುವೆ ಹಣೆ ಹಿಡಿದುಕೊಂಡು ಕುಳಿತರೆ ಸಾಕು. ಶುಂಠಿ, ಮೆಣಸು, ಗಂಧ, ನೀಲಗಿರಿ ಎಣ್ಣೆ ಎಂದು ನಾಲ್ಕು ಮದ್ದು ತಾನಾಗಿ ಬರುತ್ತದೆ. ಮನುಷ್ಯನಿಗಾದರೆ ಬೇಡವೆನ್ನಲು ಬಾಯುಂಟು. ಸಾಕಿದ ಪ್ರಾಣಿಗೆ ಅದೂ ಇಲ್ಲ. ನಾಯಿಗೆ ಚಿಗಟ ಹತ್ತಿದೆ, ಬೆಕ್ಕು ಹಗಲಿರುಳೂ ಕೆರೆದುಕೊಳ್ಳುತ್ತಿದೆ ಎಂದು ಬಾಯಿಬಿಟ್ಟವನಿಗೆ ಬರುವ ಸಲಹೆಗಳೆಷ್ಟು! ಬೇವಿನ ಸೊಪ್ಪು, ಬಜೆ, ಸೀತಾಫಲದ ಬೀಜ, ಹೊಗೆಸೊಪ್ಪಿನ ಕಷಾಯ, ಸೀಮೆಎಣ್ಣೆ, ಕರ್ಪೂರ, ಬಟ್ಟೆಯ ಪೆಟ್ಟಿಗೆಯ ನುಸಿಗುಳಿಗೆ, ಬೆಳ್ಳುಳ್ಳಿ, ನಿಂಬೆಹಣ್ಣು, ಉಪ್ಪು – ಅಡಿಗೆಮನೆಯಿಂದ ಹಿತ್ತಿಲಿನವರೆಗೆ ಯಾವ ಪದಾರ್ಥವೂ ಹೊರಗುಳಿಯುವುದಿಲ್ಲ. ಇವುಗಳಲ್ಲಿ ಯಾವುದು ಮದ್ದು, ಯಾವುದು ಬರಿಯ ಮಾತು, ಯಾವುದು ವಿಷ ಎಂದು ವಿಂಗಡಿಸಿ ನೋಡಬೇಕಾದ ಪ್ರಸಂಗ ಕಳೆದ ಮಳೆಗಾಲದಲ್ಲಿ ನನ್ನ ಮನೆಗೆ ಬಂದೊದಗಿತು.

ಮೊದಲು ಹೆಸರಿನ ವಿಚಾರವನ್ನು ಹೇಳಿಬಿಡುತ್ತೇನೆ. ಕನ್ನಡ ಪಾಠ ಹೇಳುವವನ ಚಾಳಿಯೆಂದು ವಾಚಕರು ಕ್ಷಮಿಸಬೇಕು. ಆದರೆ ಇಲ್ಲಿ ಹೆಸರು ತಪ್ಪಿದರೆ ಮದ್ದೂ ತಪ್ಪುತ್ತದೆ. ಪ್ರಾಣಿಯ ಮೈಮೇಲೆ ಹರಿದಾಡುವುದನ್ನೆಲ್ಲ ಪಟ್ಟಣದವರಾದ ನಾವು ‘ಹುಳ’ ಎಂಬ ಒಂದೇ ಮಾತಿನಲ್ಲಿ ಮುಗಿಸುತ್ತೇವೆ. ಹಳ್ಳಿಯವರ ನಾಲಗೆ ಇಷ್ಟು ಬಡವಲ್ಲ. ಅವರಿಗೆ ಉಣ್ಣೆ ಬೇರೆ, ಹೇನು ಬೇರೆ, ತಿಗಣೆ ಬೇರೆ, ಚಿಗಟ ಬೇರೆ. ಬೆಳೆದ ಉಣ್ಣೆಗೆ ಎಂಟು ಕಾಲು. ಕಚ್ಚಿದ ಕಡೆಯಲ್ಲಿಯೇ ಮೂತಿಯನ್ನು ನೆಟ್ಟು ರಕ್ತ ಕುಡಿದು ಹರಳುಬೀಜದಂತೆ ಊದಿಕೊಳ್ಳುತ್ತದೆ. ಲ್ಯಾಟಿನ್ ಭಾಷೆಯಲ್ಲಿ ಹರಳುಗಿಡಕ್ಕೆ ಉಣ್ಣೆಯ ಹೆಸರನ್ನೇ ಇಟ್ಟಿದ್ದಾರೆ. ಹೋಲಿಕೆ ನಮಗೊಬ್ಬರಿಗೇ ಹೊಳೆದದ್ದಲ್ಲ. ಉಣ್ಣೆಯನ್ನು ಹುಡುಕಿ ಕೀಳಬಹುದು. ಚಿಗಟದ ರೀತಿಯೇ ಬೇರೆ. ಎಳ್ಳುಕಾಳಿಗಿಂತ ದೊಡ್ಡದಲ್ಲದ ಕಂದುಬಣ್ಣದ ಕೀಟ, ಆರು ಕಾಲು, ರೆಕ್ಕೆಯಿಲ್ಲ. ಎರಡು ಪಕ್ಕಗಳಿಂದಲೂ ಒತ್ತಿದಂತೆ ಚಪ್ಪಟೆಯಾದ ಮೈ, ಹಿಂದಕ್ಕೆ ಬಾಗಿದ ಮುಳ್ಳುಗೂದಲು. ಆದುದರಿಂದ ತುಪ್ಪಳದ ನಡುವೆ ಅದು ನುಸುಳುವುದೇ ಹೊರತು ಸಿಕ್ಕಿಕೊಳ್ಳುವುದಿಲ್ಲ. ಹಿಡಿಯಹೋದರೆ ಗೇಣೆತ್ತರ ಹಾರುತ್ತದೆ.

ಪಂಚತಂತ್ರದಲ್ಲಿ ಒಂದು ಕಥೆಯಿದೆ. ಅರಸನ ಹಾಸಿಗೆಯಲ್ಲಿ ಮಂದವಿಸರ್ಪಿಣಿಯೆಂಬ ಹೇನು ನಿಶ್ಚಿಂತೆಯಾಗಿ ಬಾಳುತ್ತಿತ್ತು. ಅಲ್ಲಿಗೆ ಅಗ್ನಿಮುಖನೆಂಬ ಮತ್ಕುಣ ಬಂದು ಆಶ್ರಯ ಬೇಡಿತು. ಅರಸನು ನಿದ್ರೆ ಹೋಗುವ ಮೊದಲೇ ಅವನನ್ನು ಕಚ್ಚಿ ಓಡಿತು. ಸೇವಕರು ದೀಪ ಹಿಡಿದು ಹುಡುಕಿದಾಗ ಕೈಗೆ ಸಿಕ್ಕು ಸತ್ತದ್ದು ಬಡ ಹೇನು. ಮತ್ಕುಣವೆಂದರೆ ತಿಗಣೆಯೆಂದು ಕೋಶ ಹೇಳುತ್ತದೆ. ಅನುವಾದಕರಲ್ಲಿ ಕೆಲವರು ಅದನ್ನು ಚಿಗಟವೆಂದೂ ಮಾಡಿದ್ದಾರೆ. ಚಿಗಟವನ್ನು ಹಿಡಿಯಹೋಗಿ ಸೋತವರಿಗೆ ಎರಡನೆಯ ಅರ್ಥವೇ ಸರಿಯೆಂದು ತೋರೀತು. ಕಚ್ಚಿದವನು ಪಾರಾಗಿ ಪಕ್ಕದಲ್ಲಿದ್ದವನು ಸಾಯುವುದು ಚಿಗಟದ ಚಿಕಿತ್ಸೆಯಲ್ಲಿ ಇಂದಿಗೂ ನಡೆಯುತ್ತಿದೆ; ಅದನ್ನು ಮುಂದೆ ಹೇಳುತ್ತೇನೆ.

ನಮ್ಮ ಮನೆಯ ಬೆಕ್ಕು ಅಟ್ಟದ ಮೇಲೆ, ಹಳೆಯ ಮಾಸಪತ್ರಿಕೆಗಳ ಕಟ್ಟುಗಳ ಸಂದಿಯಲ್ಲಿ ಹಾಸಿದ್ದ ಗೋಣಿತಾಟಿನ ಮೇಲೆ ಮೂರು ಮರಿಗಳನ್ನು ಹಾಕಿತ್ತು. ಮರಿಗಳಿಗೆ ಐದು ವಾರವಾಗುವ ಹೊತ್ತಿಗೆ ಎರಡು ಕುಣಿದಾಡುತ್ತಿದ್ದವು. ಮೂರನೆಯದು ಮೂಲೆ ಹಿಡಿದು ಮಲಗಿತ್ತು. ಮಗಳು ಅದನ್ನು ಎತ್ತಿ ತಂದು, “ಅಪ್ಪಾ, ಇದರ ಬಾಯೊಳಗೆ ಬೆಳ್ಳಗಾಗಿದೆ ನೋಡಿ” ಎಂದಳು. ವಸಡು ಕಾಗದದಂತೆ ಬಿಳಿಚಿಕೊಂಡಿತ್ತು. ಹೊಟ್ಟೆಯ ಕೂದಲನ್ನು ಬಿಡಿಸಿದರೆ ಚಿಗಟಗಳ ಸಂತೆ.

ಊರಿನಿಂದ ಬಂದಿದ್ದ ನನ್ನ ಸೋದರತ್ತೆ ಬೇವಿನ ಸೊಪ್ಪು ಅರೆದು ಹಚ್ಚಬೇಕೆಂದರು. ನೆರೆಮನೆಯವರು ತಮ್ಮ ನಾಯಿಗೆಂದು ತಂದಿದ್ದ ಪುಡಿಯ ಡಬ್ಬಿಯನ್ನೇ ಕೊಡಲು ಬಂದರು. ಮಗಳು ಯಾವುದಕ್ಕೂ ಒಪ್ಪಲಿಲ್ಲ. ಮರಿಯನ್ನು ಟವೆಲಿನಲ್ಲಿ ಸುತ್ತಿಕೊಂಡು ಪಶುವೈದ್ಯರ ಬಳಿಗೆ ಹೊರಟೇಬಿಟ್ಟಳು, ನಾನು ಹಿಂಬಾಲಿಸಿದೆ.

ವೈದ್ಯರು ಮರಿಯ ಬೆನ್ನಿನಿಂದ ಕರಿಯ ಪುಡಿಯಂತಹ ಕಸವನ್ನು ಉದುರಿಸಿ ಒದ್ದೆಯಾದ ಬಿಳಿಯ ಹತ್ತಿಯ ಮೇಲೆ ಹಾಕಿದರು. ಕ್ಷಣದಲ್ಲಿ ಅದರ ಸುತ್ತ ಕೆಂಗಂದು ಬಣ್ಣ ಹರಡಿತು. “ಇದು ಮಣ್ಣಲ್ಲ; ಚಿಗಟದ ಹಿಕ್ಕೆ, ಅಂದರೆ ಮರಿಯದೇ ರಕ್ತ” ಎಂದರು. ಒಂದು ಹೆಣ್ಣು ಚಿಗಟ ದಿನಕ್ಕೆ ತನ್ನ ತೂಕದ ಸುಮಾರು ೧೫ ಪಟ್ಟು ರಕ್ತ ಕುಡಿಯುತ್ತದೆ. ದೊಡ್ಡ ನಾಯಿಗೆ ಅದು ಲೆಕ್ಕಕ್ಕಿಲ್ಲ. ಅಂಗೈಯಗಲದ ಮರಿಗೆ ನೂರು ಚಿಗಟ ಹತ್ತಿದರೆ ರಕ್ತ ಬತ್ತಿ ಸಾಯುವುದಕ್ಕೆ ಬೇರೆ ಕಾಯಿಲೆ ಬೇಕಾಗಿಲ್ಲ.

ಆ ವಯಸ್ಸಿಗೆ ತೀಕ್ಷ್ಣವಾದ ಔಷಧ ಸಲ್ಲದೆಂದು ಅವರು ಹೇಳಿದ ಚಿಕಿತ್ಸೆ ಅತಿ ಸರಳವಾದದ್ದು. ಬೆಚ್ಚಗಿನ ನೀರು, ಮಕ್ಕಳಿಗೆ ಹಾಕುವಂತಹ ಸೌಮ್ಯವಾದ ಸೋಪು, ಹಲ್ಲು ಒತ್ತಾಗಿರುವ ಸೀರಣಿಗೆ. ಮೊದಲು ಕತ್ತಿನ ಸುತ್ತ ನೊರೆಯ ಪಟ್ಟಿ ಕಟ್ಟಬೇಕು. ಇಲ್ಲವಾದರೆ ಮೈ ನೆನೆದೊಡನೆ ಚಿಗಟಗಳು ಕಿವಿಗೂ ಕಣ್ಣಿನ ಬಳಿಗೂ ಓಡುತ್ತವೆ. ಆಮೇಲೆ ಮೈಗೆಲ್ಲ ನೊರೆ ಹಚ್ಚಿ, ತೊಳೆದು, ಚಳಿ ಹಿಡಿಯದಂತೆ ಕೂಡಲೇ ಒರೆಸಿ ಕಾವಿನಲ್ಲಿಡಬೇಕು. ದಿನವೂ ಸೀರಣಿಗೆಯಿಂದ ಬಾಚಿ, ಹಲ್ಲಿಗೆ ಸಿಕ್ಕಿದ್ದನ್ನು ಸೋಪಿನ ನೀರಿನ ಬಟ್ಟಲಿಗೆ ಅದ್ದಬೇಕು. ಬರಿಯ ನೀರಿಗೆ ಹಾಕಿದ ಚಿಗಟ ತೇಲುತ್ತದೆ, ಹತ್ತಿ ಹಾರಿಯೂ ಹೋಗುತ್ತದೆ. ಸೋಪು ಬೆರೆತಾಗ ನೀರಿನ ಮೇಲ್ಮೈಯ ಬಿಗಿ ಸಡಿಲಿ ಅದು ಮುಳುಗುತ್ತದೆ. ಸೀಗೆಕಾಯಿ, ಅಂಟುವಾಳಗಳ ನೊರೆಯ ಗುಟ್ಟೂ ಇದೇ. ಅತ್ತೆಗೆ ಇದನ್ನು ಹೇಳಿದಾಗ, “ಅದಕ್ಕೇ ನಾವು ಸೀಗೆಕಾಯಿ ಹಾಕುತ್ತಿದ್ದದ್ದು” ಎಂದರು. ಅವರ ಮಾತಿನಲ್ಲಿ ನ್ಯಾಯವಿದೆ. ಸೀಗೆಪುಡಿ ಮರಿಯ ಕಣ್ಣು ಉರಿಸುವುದೊಂದೇ ಆಕ್ಷೇಪಣೆ. ತಾಯಿಬೆಕ್ಕಿಗೂ ಚಿಕಿತ್ಸೆಯಾಗಬೇಕು. ಅದಕ್ಕೆ ವೈದ್ಯರು ಬೆಕ್ಕಿಗೆಂದೇ ತಯಾರಾದ, ಕತ್ತಿನ ಹಿಂಬದಿಗೆ ಬಿಡುವ ಹನಿಮದ್ದನ್ನು ತೂಕ ನೋಡಿ ಹಾಕಿದರು.

ಇಷ್ಟರಿಂದ ಕೆಲಸ ಮುಗಿಯಿತೆಂದು ಎದ್ದೆವು. “ನೀವು ಕಂಡದ್ದು ನೂರರಲ್ಲಿ ಐದು, ಉಳಿದ ತೊಂಬತ್ತೈದು ನಿಮ್ಮ ಅಟ್ಟದಲ್ಲಿವೆ” ಎಂದು ವೈದ್ಯರು ನಮ್ಮನ್ನು ಮತ್ತೆ ಕುಳ್ಳಿರಿಸಿದರು.

ಈ ಮಾತಿನಲ್ಲಿಯೇ ಚಿಗಟದ ಮರ್ಮವೆಲ್ಲ ಅಡಗಿದೆ. ಹೆಣ್ಣು ಚಿಗಟ ದಿನಕ್ಕೆ ೪೦-೫೦ ಮೊಟ್ಟೆಗಳವರೆಗೂ ಇಡುತ್ತದೆ. ಹೇನಿನ ಸೀರಿನಂತೆ ಅವು ಕೂದಲಿಗೆ ಅಂಟಿಕೊಳ್ಳುವುದಿಲ್ಲ. ಬೆಕ್ಕು ಮಲಗಿದಲ್ಲಿ, ಮೈ ಕೊಡವಿದಲ್ಲಿ ಉಪ್ಪಿನ ಹರಳಿನಂತೆ ಉದುರುತ್ತವೆ. ಮೊಟ್ಟೆಯೊಡೆದು ಬರುವ ಮರಿಹುಳು ಬೆಳಕಿಗೆ ಹೆದರಿ ಚಾಪೆಯಡಿ, ನೆಲದ ಬಿರುಕು, ಗೋಣಿಯ ನೇಯ್ಗೆಗಳೊಳಗೆ ಇಳಿದು, ಹಿರಿಯ ಚಿಗಟಗಳ ಹಿಕ್ಕೆಯಾಗಿ ಉದುರಿದ ಒಣರಕ್ತವನ್ನು ತಿಂದು ಬೆಳೆಯುತ್ತದೆ. ಆಮೇಲೆ ನಮ್ಮ ರೇಷ್ಮೆಹುಳುವಿನಂತೆಯೇ ನೂಲು ತೆಗೆದು ಗೂಡು ಕಟ್ಟುತ್ತದೆ. ಗೂಡಿನ ಅಂಟಿಗೆ ಧೂಳು ಮೆತ್ತಿಕೊಂಡು ಕಣ್ಣಿಗೆ ಕಾಣದಾಗುತ್ತದೆ. ಸೆಕೆಯೂ ತೇವವೂ ಕೂಡಿದ ದಿನಗಳಲ್ಲಿ ಮೂರು ವಾರದೊಳಗೆ ಹೊಸ ಚಿಗಟ ಸಿದ್ಧ. ಕಾಲ ಅನುಕೂಲವಿಲ್ಲದಿದ್ದರೆ ತಿಂಗಳುಗಟ್ಟಲೆ ಗೂಡಿನಲ್ಲಿಯೇ ಕಾದಿದ್ದು, ಹೆಜ್ಜೆಯ ಅದುರು, ಮೈಯ ಕಾವು, ಉಸಿರಿನ ಸುಳಿವು ತಿಳಿದೊಡನೆ ಹೊರಬೀಳುತ್ತದೆ. ಬೆಕ್ಕಿನ ಮೈಗೆ ಎಂತಹ ದಿವ್ಯೌಷಧ ಹಚ್ಚಿದರೂ ಅಟ್ಟದ ಗೋಣಿ ಹಾಗೆಯೇ ಇದ್ದರೆ ಹೊಸ ಪಡೆ ಬರುತ್ತಲೇ ಇರುತ್ತದೆ.

ಮನೆಗೆ ಬಂದು ಅತ್ತೆಯನ್ನು ಕೇಳಿದೆ: ಹಳ್ಳಿಯಲ್ಲಿ ನೀವು ಮಾಡುತ್ತಿದ್ದುದಾದರೂ ಏನು?

“ಏನಪ್ಪಾ, ಚಾಪೆ, ಕಂಬಳಿ, ಗೋಣಿ ಎಲ್ಲಾ ಎಳೆದು ಬಿಸಿಲಿಗೆ ಹಾಕುತ್ತಿದ್ದೆವು. ಮೂಲೆಮೂಲೆಯೂ ಗುಡಿಸಿ ಕಸವನ್ನು ಒಲೆಗೆ ಹಾಕುವುದು. ನೆಲ ಸಾರಿಸಿ ಬಿರುಕು ಮೆತ್ತುವುದು. ಆಮೇಲೆ ಬೇವಿನ ಸೊಪ್ಪಿನ ಹೊಗೆ. ಬೇವಿನ ಹೊಗೆಗೆ ಚಿಗಟ ನಿಲ್ಲುವುದುಂಟೇ?”

ಬೇವಿಗೆ ಬಂದ ಕೀರ್ತಿಯಲ್ಲಿ ಬಹುಪಾಲು ಬಿಸಿಲಿಗೂ ಪೊರಕೆಗೂ ಸಲ್ಲಬೇಕೆಂದು ನನ್ನ ಅಭಿಪ್ರಾಯ. ಚಿಗಟದ ಮರಿಹುಳುವಿಗೆ ತೇವ ಬೇಕು. ಒಣಹವೆ ತಗುಲಿದರೆ ಸುರುಟಿ ಸಾಯುತ್ತದೆ, ೩೫ ಡಿಗ್ರಿ ದಾಟಿದ ಶಾಖವನ್ನು ತಾಳಲಾರದು. ನಮ್ಮ ಬೇಸಗೆಯ ಅಂಗಳದಲ್ಲಿ ಒಂದು ಮಧ್ಯಾಹ್ನ ಹರಡಿದ ಕಂಬಳಿ ಅದಕ್ಕಿಂತ ಎಷ್ಟೋ ಹೆಚ್ಚು ಕಾಯುತ್ತದೆ. ಗುಡಿಸಿದರೆ ಮೊಟ್ಟೆಯೂ ಒಣರಕ್ತವೂ ಒಟ್ಟಿಗೆ ಹೋಗುತ್ತವೆ. ಕಸವನ್ನು ಸುಟ್ಟರೆ ಹಿಂದಿರುಗುವ ಮಾತಿಲ್ಲ. ಬೇವಿನಲ್ಲಿ ಗುಣವಿಲ್ಲವೆಂದಲ್ಲ. ಕೀಟಗಳ ಬೆಳವಣಿಗೆಯನ್ನು ಕೆಡಿಸುವ ಸತ್ವ ಅದರಲ್ಲಿದೆ. ಆದರೆ ಅದು ಇರುವುದು ಹೆಚ್ಚಾಗಿ ಬೀಜದಲ್ಲಿ, ಎಲೆಯಲ್ಲಿ ಸ್ವಲ್ಪ. ಬೀಜದ ಎಣ್ಣೆಯನ್ನು ಹಾಗೆಯೇ ಬೆಕ್ಕಿಗೆ ಬಳಿದರೆ ಅದು ನೆಕ್ಕಿಕೊಂಡು ಕಾಯಿಲೆ ಬೀಳುತ್ತದೆ. ಅತ್ತೆಯ ಎದುರಿಗೆ ಇದನ್ನೆಲ್ಲ ಹೇಳುವ ಧೈರ್ಯ ನನಗಾಗಲಿಲ್ಲ.

ನಮಗೆ ಒದಗಿದ್ದು ಮಳೆಗಾಲವಾದ್ದರಿಂದ ಬಿಸಿಲನ್ನು ನಂಬುವಂತಿರಲಿಲ್ಲ. ಬಟ್ಟೆಗಳನ್ನು ಕೈ ಇಡಲಾಗದಷ್ಟು ಬಿಸಿನೀರಿನಲ್ಲಿ ಒಗೆದೆವು. ಗೋಣಿಯನ್ನು ಸುಟ್ಟೆವು. ಮಾಸಪತ್ರಿಕೆಗಳನ್ನು ಸುಡುವುದಕ್ಕೆ ಮನಸ್ಸು ಬಾರದೆ ಒಂದೊಂದನ್ನೂ ಕೊಡವಿ ಒರೆಸಿ ಇಟ್ಟದ್ದಕ್ಕೆ ಎರಡು ಭಾನುವಾರ ಹಿಡಿಯಿತು.

ಇನ್ನು ವಿಷಗಳ ಮಾತು. ಸೀಮೆಎಣ್ಣೆ ಚರ್ಮವನ್ನು ಸುಡುತ್ತದೆ. ನೆಕ್ಕಿದಾಗ ಶ್ವಾಸಕೋಶಕ್ಕೆ ಇಳಿದರೆ ಪ್ರಾಣಾಪಾಯ. ಹೊಗೆಸೊಪ್ಪಿನ ಕಷಾಯದಲ್ಲಿರುವ ನಿಕೋಟಿನ್ ಚಿಗಟಕ್ಕೆ ಹೇಗೋ ಹಾಗೆ ನಾಯಿಗೂ ವಿಷ. ಕರ್ಪೂರ, ನುಸಿಗುಳಿಗೆಗಳನ್ನು ಹಾಸಿಗೆಯಲ್ಲಿಡುವುದೂ ತಪ್ಪು. ಬೆಳ್ಳುಳ್ಳಿ ತಿನ್ನಿಸಿದರೆ ಚಿಗಟ ಸುಳಿಯುವುದಿಲ್ಲವೆಂಬ ಮಾತು ಬಹಳ ಕಡೆ ಹಬ್ಬಿದೆ. ಬೆಳ್ಳುಳ್ಳಿ ಈರುಳ್ಳಿಗಳು ನಾಯಿ ಬೆಕ್ಕುಗಳ ರಕ್ತಕಣಗಳನ್ನೇ ಒಡೆಯುತ್ತವೆ, ರಕ್ತ ಕಳೆದುಕೊಂಡ ಪ್ರಾಣಿಗೆ ಇದು ಗಾಯದ ಮೇಲೆ ಬರೆ. ಸೀತಾಫಲದ ಬೀಜದ ಪುಡಿಯಿಂದ ಹೇನು ಸಾಯುವುದು ನಿಜ. ಅದು ಕಣ್ಣಿಗೆ ಬಿದ್ದರೆ ಕಣ್ಣಿನ ಪಾರದರ್ಶಕ ಪಟಲ ಕೆಡುತ್ತದೆಂಬುದೂ ಅಷ್ಟೇ ನಿಜ. ತಲೆಗೆ ಹಚ್ಚಿಕೊಂಡ ಮನುಷ್ಯರೇ ಹೀಗೆ ಕಣ್ಣಿನ ವೈದ್ಯರಲ್ಲಿಗೆ ಹೋದದ್ದುಂಟು.

ಬೆಕ್ಕಿನ ಪಾಡು ನಾಯಿಗಿಂತ ಕಷ್ಟ. ಮೈಗೆ ಬಿದ್ದುದನ್ನೆಲ್ಲ ನೆಕ್ಕಿ ಶುಚಿಮಾಡಿಕೊಳ್ಳುವುದು ಅದರ ಸ್ವಭಾವ. ಹಾಗೆ ಹೊಟ್ಟೆ ಸೇರಿದ ಎಷ್ಟೋ ವಿಷಗಳನ್ನು ಮುರಿದು ಹೊರಹಾಕುವ ಶಕ್ತಿ ಅದರ ಯಕೃತ್ತಿಗೆ ಇಲ್ಲ. ನಿಂಬೆ, ನೀಲಗಿರಿಗಳ ತೈಲವೂ ಅದಕ್ಕೆ ಆಗದು. ನಾಯಿಗೆಂದು ಮಾರುವ ಕೆಲವು ಮದ್ದುಗಳಲ್ಲಿ ಪರ್ಮೆತ್ರಿನ್ ಎಂಬ ದ್ರವ್ಯವಿರುತ್ತದೆ. ನಾಯಿ ಅದನ್ನು ತಡೆದುಕೊಳ್ಳುತ್ತದೆ. ಬೆಕ್ಕಿಗೆ ನಡುಕ ಹತ್ತಿ, ಸೆಳೆತ ಬಂದು, ಸಾಯುವುದೂ ಉಂಟು. ನಮ್ಮ ಬೀದಿಯ ತುದಿಯ ಮನೆಯಲ್ಲಿ ಎರಡು ವರ್ಷದ ಹಿಂದೆ ಹೀಗೆಯೇ ಆಯಿತು. ನಾಯಿಯ ಮದ್ದನ್ನು ಅಳತೆ ಕಡಿಮೆ ಮಾಡಿ ಬೆಕ್ಕಿಗೆ ಹಾಕಿದರು. ಸಂಜೆಯ ಹೊತ್ತಿಗೆ ಬೆಕ್ಕು ಇರಲಿಲ್ಲ. ಅದನ್ನು ಅಷ್ಟು ಅಕ್ಕರೆಯಿಂದ ಸಾಕಿದ್ದ ಮುದುಕಿ ಇಂದಿಗೂ ಅದು ಹಾವು ಕಚ್ಚಿ ಸತ್ತಿತೆಂದು ನಂಬಿದ್ದಾರೆ. ನಿಜವನ್ನು ಅವರಿಗೆ ತಿಳಿಸುವ ಮನಸ್ಸು ಯಾರಿಗೂ ಬಂದಿಲ್ಲ. ಮಂದವಿಸರ್ಪಿಣಿಯ ಕಥೆಯನ್ನು ನೆನೆದದ್ದು ಇದಕ್ಕಾಗಿ.

ಚಿಗಟ ಬರಿಯ ತುರಿಕೆಯ ಪ್ರಾಣಿಯಲ್ಲವೆಂಬುದು ನಮ್ಮ ನಾಡಿಗೆ ಒಮ್ಮೆ ಚೆನ್ನಾಗಿ ತಿಳಿದಿತ್ತು. ೧೮೯೮ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದಿತು. ಇಲಿ ಬಿದ್ದಿತೆಂದರೆ ಜನ ಮನೆ ಬಿಟ್ಟು ಊರ ಹೊರಗೆ ಗುಡಿಸಲು ಹಾಕಿಕೊಳ್ಳುತ್ತಿದ್ದರು. ಇಲಿಗೂ ಮನುಷ್ಯನಿಗೂ ನಡುವೆ ರೋಗವನ್ನು ಹೊತ್ತು ತರುವುದು ಇಲಿಯ ಚಿಗಟವೆಂದು ಫ್ರೆಂಚ್ ವೈದ್ಯ ಪಾಲ್ ಲೂಯಿ ಸಿಮೊಂಡ್ ಅದೇ ವರ್ಷ ಕರಾಚಿಯಲ್ಲಿ ಪ್ರಯೋಗದಿಂದ ತೋರಿಸಿದನು. ನಮ್ಮ ಬೆಕ್ಕಿನ ಚಿಗಟ ಬೇರೆ ಜಾತಿ. ಅದರ ಹೆಸರಿನಲ್ಲಿ ಪ್ಲೇಗಿನ ಭಯ ಹುಟ್ಟಿಸುವುದು ನನ್ನ ಉದ್ದೇಶವಲ್ಲ. ಆದರೂ ಅದನ್ನು ನುಂಗಿದ ಬೆಕ್ಕು ನಾಯಿಗಳ ಹೊಟ್ಟೆಯಲ್ಲಿ ಲಾಡಿಹುಳು ಬೆಳೆಯುತ್ತದೆ. ಬಾಲದ ಬುಡದಲ್ಲಿ ಅಕ್ಕಿಕಾಳಿನಂತಹ ತುಣುಕು ಕಂಡರೆ ಅದರ ಗುರುತು.

ನಮ್ಮ ಮರಿ ನಾಲ್ಕು ದಿನ ಹತ್ತಿಯ ಬತ್ತಿಯಂತೆ ಬಿದ್ದಿತ್ತು. ಮಗಳು ಬೆಳಿಗ್ಗೆ ಸಂಜೆ ಬಾಚುತ್ತ ಬಟ್ಟಲಿನಲ್ಲಿ ಮುಳುಗಿದ ಚಿಗಟಗಳನ್ನು ಎಣಿಸಿ ಲೆಕ್ಕದ ಪುಸ್ತಕದ ಹಿಂಬದಿಯಲ್ಲಿ ಬರೆದಿಡುತ್ತಿದ್ದಳು: ಮೊದಲ ದಿನ ೬೩, ಮರುದಿನ ೨೮, ಆಮೇಲೆ ೧೧. ಐದನೆಯ ದಿನ ಮರಿ ಎದ್ದು ಹಾಲಿಗಾಗಿ ಕೂಗಿತು. ವಸಡಿಗೆ ಕೆಂಪು ಬರಲು ಮೂರು ವಾರ ಬೇಕಾಯಿತು.

ದಸರಾ ರಜದಲ್ಲಿ ಬೆಕ್ಕುಗಳನ್ನು ನೆರೆಮನೆಯವರಿಗೆ ಒಪ್ಪಿಸಿ ಹದಿನೈದು ದಿನ ಊರಿಗೆ ಹೋಗಿದ್ದೆವು. ಹಿಂದಿರುಗಿ ಬಾಗಿಲು ತೆರೆದು ಒಳಗೆ ಕಾಲಿಟ್ಟೊಡನೆ ನಮ್ಮೆಲ್ಲರ ಹರಡಿಗೆ ಚುಚ್ಚಿದಂತಾಯಿತು. ಗೂಡಿನಲ್ಲಿ ಕಾದಿದ್ದ ಶೇಷ ನಮ್ಮ ಹೆಜ್ಜೆಯ ಸದ್ದಿಗೆ ಎದ್ದಿತ್ತು; ವೈದ್ಯರು ಇದನ್ನೂ ಮೊದಲೇ ಹೇಳಿದ್ದರು. ಮತ್ತೆ ಪೊರಕೆ, ಮತ್ತೆ ಬಿಸಿನೀರು. ರಾತ್ರಿ ನಡುಮನೆಯಲ್ಲಿ ಅಗಲವಾದ ತಟ್ಟೆಗೆ ಸೋಪಿನ ನೀರು ಹಾಕಿ, ಅದರ ಮೇಲೆ ತಗ್ಗಿನಲ್ಲಿ ಒಂದು ದೀಪ ಹಚ್ಚಿಟ್ಟೆವು. ಬೆಳಕಿಗೂ ಕಾವಿಗೂ ಹಾರುವ ಚಿಗಟ ನೀರಿಗೆ ಬೀಳುತ್ತದೆ. ಮನೆಯನ್ನೆಲ್ಲ ಇದರಿಂದ ಶುದ್ಧಿ ಮಾಡಲಾಗದಿದ್ದರೂ ಇನ್ನೆಷ್ಟು ಉಳಿದಿವೆಯೆಂಬುದು ತಿಳಿಯುತ್ತದೆ. ಮೊದಲ ರಾತ್ರಿ ಏಳು ಬಿದ್ದಿದ್ದವು, ಎರಡನೆಯ ರಾತ್ರಿ ಮೂರು. ನಾಲ್ಕನೆಯ ಬೆಳಿಗ್ಗೆ ತಟ್ಟೆ ಬರಿದಾಗಿತ್ತು. ನಮ್ಮೊಡನೆ ಮತ್ತೆ ಬಂದಿದ್ದ ಅತ್ತೆ ಅದನ್ನು ಬಗ್ಗಿ ನೋಡಿ, ಹಿಂದಿನ ಸಂಜೆ ತಾವು ಅಟ್ಟದ ತೊಲೆಗೆ ಕಟ್ಟಿದ್ದ ಬೇವಿನ ಗೊಂಚಲಿನ ಕಡೆಗೆ ಕೈ ತೋರಿಸಿದರು.